ಉಡಿ ತುಂಬಿಸಿಕೊಂಡವಳ ಫಿಟ್‌ನೆಸ್ ಸರ್ಟಿಫಿಕೇಟು

೧೯೬೩ರಲ್ಲಿ ನಾನು ಬನವಾಸಿ ಕಡೆಯ ಒಂದು ಊರಿನ ಸರ್ಕಾರಿ ದವಾಖಾನೆಯಲ್ಲಿ ವೈದ್ಯನಾಗಿದ್ದೆ. ಶಿರಸಿ ತಾಲೂಕಿನ ಪೂರ್ವದ ಅಂಚು ಅದು. ಕರಾವಳಿಯಿಂದ ಹೋದ ನನಗೆ ಅಲ್ಲಿನ ಮಾತಿಗೆ ಕಿವಿ ಹೊಂದಿಸಿಕೊಳ್ಳಲು ಒಂದು ಮಳೆಗಾಲವೇ ಬೇಕಾಯಿತು. ಚಳಿಜ್ವರ, ನಾಯಿ ಕಡಿತ, ಕಷ್ಟದ ಹೆರಿಗೆ, ಇವು ನನ್ನ ನಿತ್ಯದ ಕೆಲಸ. ಜೂನ್ ಬಂತೆಂದರೆ ಕಾಲೇಜು ಸೇರುವವರಿಗೆ ಮೆಡಿಕಲ್ ಫಿಟ್‌ನೆಸ್ ಸರ್ಟಿಫಿಕೇಟು ಕೊಡುವುದೂ ಸೇರಿಕೊಳ್ಳುತ್ತಿತ್ತು. ಎದೆಗೆ ಸ್ಟೆತಾಸ್ಕೋಪು ಇಟ್ಟು, ನಾಲಿಗೆ ನೋಡಿ, ಸಹಿ ಹಾಕಿ ಕಳಿಸಿಬಿಡುತ್ತಿದ್ದೆ. ಇದರಲ್ಲಿ ತಲೆ ಕೆಡಿಸಿಕೊಳ್ಳುವುದೇನಿದೆ ಎಂದುಕೊಂಡಿದ್ದವನು ಆ ವರ್ಷ ಚೆನ್ನಾಗಿಯೇ ಕೆಡಿಸಿಕೊಂಡೆ.

ಊರಿನಲ್ಲಿ ಬಟ್ಟೆ ಮಾರುತ್ತಿದ್ದ ಅರಿವೆ ಅಂಗಡಿಯ ವೀರಪ್ಪನವರು ಮಗಳು ಗಿರಿಜಾಳನ್ನು ಕರೆದುಕೊಂಡು ಬಂದರು. ಶಿಕ್ಷಕಿಯರ ಟ್ರೇನಿಂಗ್ ಕಾಲೇಜಿಗೆ ಅರ್ಜಿ ಹಾಕಿದ್ದಳು. ಸೀಟು ಸಿಗದಿದ್ದರೆ ಮದುವೆ ಮಾಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹಾನಗಲ್ಲ ಕಡೆಯ ಗಂಡನ್ನೂ ನೋಡಿಟ್ಟಿದ್ದರು. ನಾನು ತುಂಬಬೇಕಾದ ನಮೂನೆಯಲ್ಲಿ ಒಂದು ಪ್ರಶ್ನೆಯಿತ್ತು: ಅಭ್ಯರ್ಥಿಗೆ ಹಿಂದೆ ಮಾನಸಿಕ ಕಾಯಿಲೆ ಆಗಿತ್ತೇ?

ಆಗಿತ್ತು. ಹಿಂದಿನ ವರ್ಷ ಆ ಹುಡುಗಿ ಇದ್ದಕ್ಕಿದ್ದಂತೆ ಮಾತು ಬಿಟ್ಟಳು, ಊಟ ಬಿಟ್ಟಳು, ಗೋಡೆ ನೋಡುತ್ತ ಕೂತಳು. ಒಂದು ದಿನ ಕಿರುಚಿಕೊಂಡಾಗ ಅವಳ ಸೋದರತ್ತೆ, ದೇವಿ ಬಂದಿದ್ದಾಳೆ ಎಂದು ಕೈಮುಗಿದರು. ಹುಚ್ಚು ಎನ್ನಿಸಿಕೊಳ್ಳುವುದಕ್ಕಿಂತ ಅದು ಮರ್ಯಾದೆಯೆಂದು ವೀರಪ್ಪನವರೂ ಸುಮ್ಮನಾದರು. ಮಂಗಳವಾರ, ಶುಕ್ರವಾರ ಓಣಿಯ ಹೆಂಗಸರು ಬಂದು ಅಕ್ಕಿ, ಕಾಯಿ, ಕುಪ್ಪಸದ ಕಣ ಇಟ್ಟು ಅವಳ ಉಡಿ ತುಂಬಿ ಹೋದರು. ಕೊನೆಗೆ ಪ್ರಜ್ಞೆ ತಪ್ಪಿದವಳನ್ನು ನನ್ನಲ್ಲಿಗೆ ಹೊತ್ತು ತಂದರು. ನಾನೇ ಚೀಟಿ ಬರೆದು ಧಾರವಾಡದ ಮಾನಸಿಕ ಆಸ್ಪತ್ರೆಗೆ ಕಳಿಸಿದೆ. ಊರಿಗೆಲ್ಲ, ದೇವಿಯ ಗುಡ್ಡಕ್ಕೆ ಹರಕೆ ತೀರಿಸಲು ಹೋಗಿದ್ದಾರೆ ಎಂದಾಯಿತು. ಹುಡುಗಿ ಗುಣವಾಗಿ ಬಂದಳು. ದಿನಕ್ಕೊಂದು ಮಾತ್ರೆ ಮಾತ್ರ ಬಿಡುವಂತಿರಲಿಲ್ಲ. ಕಾಯಿಲೆ ಏಕೆ ಬಂತೆಂದು ನನಗೆ ಇಂದಿಗೂ ಗೊತ್ತಿಲ್ಲ.

"ಇಲ್ಲ ಅಂತ ಬರದ್ ಬಿಡ್ರಿ ಡಾಕ್ಟರ್ರ," ಎಂದರು ವೀರಪ್ಪ. "ದೇವಿ ಅಂತ ಹೇಳಿ ಊರ ಮಂದೀ ಕಡೆ ಉಡಿ ತುಂಬಿಸಿಕೊಂಡೇವಿ. ಈಗ ಅದು ಬ್ಯಾನಿ ಅಂದ್ರ ಅಂಗಡ್ಯಾಗ ಯಾವ ಮಾರಿ ಇಟ್ಕೊಂಡು ಕುಂದರ್ಲಿ?"

ನಾಳೆ ಬನ್ನಿ ಎಂದು ಕಳಿಸಿದೆ. ಅಂದು ನನಗೆ ಅನ್ನ ಸೇರಲಿಲ್ಲ. ಹೌದು ಎಂದು ಬರೆದರೆ ಸೀಟು ಹೋದಂತೆಯೇ. ಇಲ್ಲ ಎಂದು ಬರೆದು, ಹಾಸ್ಟೆಲಿನಲ್ಲಿ ಕಾಯಿಲೆ ಮರುಕಳಿಸಿದರೆ? ಮುಚ್ಚಿಟ್ಟಿದ್ದಕ್ಕೆ ಅವಳನ್ನು ಹೊರಗೆ ಹಾಕುತ್ತಾರೆ, ಸುಳ್ಳು ಸಹಿಗೆ ನನ್ನ ನೌಕರಿಗೂ ಸಂಚಕಾರ. ಬರೆದರೂ ಭಯ, ಬಿಟ್ಟರೂ ಭಯ. ವೈದ್ಯಕೀಯ ಓದಿದ ಅಷ್ಟು ವರ್ಷಗಳಲ್ಲಿ ಇದಕ್ಕೊಂದು ಉತ್ತರ ಯಾರೂ ಹೇಳಿಕೊಟ್ಟಿರಲಿಲ್ಲ ಎಂದು ಸಿಟ್ಟೂ ಬಂತು.

ಮರುದಿನ ಅವರಿಬ್ಬರೂ ಬರುವಷ್ಟರಲ್ಲಿ ನಾನೊಂದು ಉಪಾಯ ಹೂಡಿದ್ದೆ. 'ನರ ದೌರ್ಬಲ್ಯ' ಎಂದು ಬರೆಯುವುದು. ಪೂರಾ ಸುಳ್ಳಲ್ಲ, ಯಾರಿಗೂ ಏನೂ ತಿಳಿಯುವುದೂ ಇಲ್ಲ. ವೀರಪ್ಪನವರ ಮುಖ ಅರಳಿತು. ಅಲ್ಲಿಯವರೆಗೆ ಬಾಯಿ ತೆರೆಯದ ಗಿರಿಜಾ ಆಗ ಮಾತಾಡಿದಳು.

"ನರಾ ಅಂತ ಬರದ್ರ ಟಾನಿಕ್ ಕೊಡ್ತಾರ್ರಿ. ಮತ್ತ ಹಂಗ ಆದ್ರ ನಾ ಹೇಳಾಕ ಆಗೂದಿಲ್ಲ, ಬಾಯೇ ಬರೂದಿಲ್ಲ. ಯಾರರೆ ತಿಳಕೊಬೇಕಲ್ರಿ? ಹಿಂದ ಎಲ್ಲಾರೂ ಕಾಲು ಬಿದ್ದು ಹೋದ್ರು. ನೀರು ಕುಡೀತಿ ಏನು ಅಂತ ಒಬ್ಬರೂ ಕೇಳ್ಲಿಲ್ಲ."

ವೀರಪ್ಪನವರು ತಲೆ ತಗ್ಗಿಸಿದರು. "ಬರಸ್ತೀ ಏನವ್ವಾ?" ಎಂದು ಅವರು ಕೇಳಿದರು, ಅವಳು ಹೂಂ ಎಂದಳು. ಹೌದು ಎಂದು ಬರೆದೆ. ಚಿಕಿತ್ಸೆಯಾಗಿದೆ, ಪಾಠ ಮಾಡಲು ಶಕ್ತಳು ಎಂದೂ ಬರೆದೆ. ಊಟ ಬಿಟ್ಟರೆ, ತಲೆ ಬಾಚುವುದನ್ನು ಬಿಟ್ಟರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಸೇರಿಸಿದೆ.

ಸಂದರ್ಶನಕ್ಕೆ ತಂದೆಯೇ ಕರೆದುಕೊಂಡು ಹೋದರು. ಇಂಥವಳ ಕೈಗೆ ಮಕ್ಕಳನ್ನು ಕೊಡುವುದು ಹೇಗೆ ಎಂದು ಸಮಿತಿಯವರೊಬ್ಬರು ಎದುರಿಗೇ ಕೇಳಿದರಂತೆ. ಪ್ರಿನ್ಸಿಪಾಲರಾಗಿದ್ದ ಹೆಂಗಸು, "ಬರೆಯದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲವಲ್ಲ?" ಎಂದಾಗ ಗಿರಿಜಾ, "ಅದಕ್ಕ ಬರಸೇನ್ರಿ," ಎಂದಳಂತೆ.

ಮೊದಲ ಯಾದಿಯಲ್ಲಿ ಅವಳ ಹೆಸರಿರಲಿಲ್ಲ. ಆ ದಿನಗಳಲ್ಲಿ ಅರಿವೆ ಅಂಗಡಿಯ ಮುಂದೆ ಹಾಯುವ ಧೈರ್ಯ ನನಗಾಗದೆ ಕೆರೆಯ ಕಡೆಯಿಂದ ಸುತ್ತಿ ಮನೆಗೆ ಹೋಗುತ್ತಿದ್ದೆ. ಹಾನಗಲ್ಲಿನವರು ಹೆಣ್ಣು ನೋಡಲು ಬರುವ ಮಾತೂ ಎದ್ದಿತ್ತು. ಅಷ್ಟರಲ್ಲಿ ಸೀಟು ಸಿಕ್ಕವರೊಬ್ಬರು ಸೇರಲಿಲ್ಲವೆಂದು ಇವಳಿಗೆ ಕರೆ ಬಂತು. ಮಾತ್ರೆಯನ್ನು ಹಾಸ್ಟೆಲಿನ ಮೇಟ್ರನ್ ಎದುರಿಗೇ ನುಂಗಬೇಕು ಎಂಬ ಷರತ್ತು ಹಾಕಿದ್ದರು.

ಚಳಿಗಾಲದಲ್ಲಿ ಕಾಯಿಲೆ ಮರುಕಳಿಸಿತು. ತಲೆ ಬಾಚಿಕೊಳ್ಳದೆ ಪಾಠಕ್ಕೆ ಬಂದವಳನ್ನು ಕಂಡು ಮೇಟ್ರನ್ ಅಂದೇ ಆಸ್ಪತ್ರೆಗೆ ಸೇರಿಸಿದರು. ಸುದ್ದಿ ತಿಳಿದು ನಾನು ಅಂಗಡಿಗೆ ಹೋದೆ. ಕುಪ್ಪಸದ ಕಣ ಕೊಳ್ಳುತ್ತಿದ್ದ ಓಣಿಯ ಹೆಂಗಸೊಬ್ಬರು, ಗಿರಿಜವ್ವನಿಗೆ ಮತ್ತೆ ದೇವಿ ಬಂದಿದ್ದಾಳಂತೆ ಎಂದು ದನಿ ತಗ್ಗಿಸಿ ವಿಚಾರಿಸುತ್ತಿದ್ದರು. ವೀರಪ್ಪನವರು ಗಜಕಡ್ಡಿ ಕೆಳಗಿಟ್ಟರು.

"ದೇವಿ ಅಲ್ಲವ್ವಾ. ಆಕಿಗೆ ಮನಸಿನ ಬ್ಯಾನಿ ಐತಿ. ಹಿಂದೂ ಅದ ಇತ್ತು, ನಾವು ಸುಳ್ಳು ಹೇಳಿದ್ವಿ. ಈಗ ದವಾಖಾನ್ಯಾಗ ಅದಾಳ, ಆರಾಮ ಅಕ್ಕಾಳ."

ನಾನು ಮೊಹರು ಒತ್ತಿ ಬರೆದದ್ದನ್ನು ಆ ಮನುಷ್ಯ ತನ್ನ ಗದ್ದುಗೆಯ ಮೇಲೆ ಕೂತು ಬಾಯಿಬಿಟ್ಟು ಹೇಳಿದ್ದರು. ಎರಡರಲ್ಲಿ ಯಾವುದು ಕಷ್ಟದ್ದೆಂದು ನನಗೆ ಆಗ ತಿಳಿಯಿತು. ಗಿರಿಜಾ ಒಂದು ಪರೀಕ್ಷೆ ಕಳೆದುಕೊಂಡು, ತಡವಾಗಿ ಪಾಸಾಗಿ, ಯಲ್ಲಾಪುರ ತಾಲೂಕಿನ ಶಾಲೆಯೊಂದರಲ್ಲಿ ಮಾಸ್ತರಿಣಿಯಾದಳು.

ಆಮೇಲೂ ನಿವೃತ್ತಿಯವರೆಗೆ, ಇಂಥ ಕಾಯಿಲೆಯನ್ನು ಬರೆಯಬೇಕೋ ಬಿಡಬೇಕೋ ಎಂದು ಕೇಳಿಕೊಂಡು ತಂದೆತಾಯಿಗಳು ಬರುತ್ತಲೇ ಇದ್ದರು. ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಮಾತ್ರೆ ನುಂಗುವ ಮಕ್ಕಳನ್ನೇ ಮೊದಲು ಕೇಳುವುದನ್ನು ರೂಢಿ ಮಾಡಿಕೊಂಡೆ. ಎಲ್ಲರೂ ಬರೆಯಿರಿ ಎಂದೇನೂ ಹೇಳಲಿಲ್ಲ. ಬೇಡ ಎಂದವರ ಹೆದರಿಕೆಯೂ ಸುಳ್ಳಾಗಿರಲಿಲ್ಲ. ಆದರೆ ನಿಮಗೇನು ಬೇಕೆಂದು ಇದುವರೆಗೆ ಯಾರಾದರೂ ಕೇಳಿದ್ದರೇ ಎಂದರೆ, ಒಬ್ಬರೂ ಹೌದು ಎನ್ನಲಿಲ್ಲ.