ಎಡಭುಜದ ಹೂವು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಒಂದು ಸ್ಥಳೀಯ ಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ನಿಟ್ಟೂರಿನಲ್ಲಿದ್ದ ಚಿಕ್ಕಮ್ಮನ ಎದೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ಪಟ್ಟಣಕ್ಕೆ ಕರೆಸಿ ಡಾಕ್ಟರಿಗೆ ತೋರಿಸಿದವನು ನಾನೇ. ಅವರು ಪರೀಕ್ಷೆ ಮಾಡಿಸಿ, ತಡಮಾಡದೆ ಆಪರೇಷನ್ ಆಗಬೇಕು, ಈಗಾದರೆ ಉಳಿಸಿಕೊಳ್ಳಬಹುದು ಎಂದರು. ಆಸ್ಪತ್ರೆಯಿಂದ ಹೊರಟು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಚಿಕ್ಕಪ್ಪ ಲೋಟ ಕೆಳಗಿಟ್ಟು ಹೇಳಿದರು: "ಯಾವುದಕ್ಕೂ ಒಂದ್ಸಲ ಹೂ ಕೇಳ್ಬುಡಾನ."

ನಮ್ಮ ಕಡೆ ಮದುವೆಗೆ, ಬೋರ್‌ವೆಲ್ಲಿಗೆ, ಸೈಟಿಗೆ ದೇವರಲ್ಲಿ ಹೂ ಕೇಳುತ್ತಾರೆ. ಪೂಜಾರಿ ಹೂವನ್ನು ನೀರಿನಲ್ಲಿ ಅದ್ದಿ ವಿಗ್ರಹದ ಎರಡು ಭುಜಗಳಿಗೂ ಅಂಟಿಸುತ್ತಾನೆ. ಬಲಭುಜದ್ದು ಮೊದಲು ಬಿದ್ದರೆ ದೇವರು ಒಪ್ಪಿದ ಹಾಗೆ. ಎಡದ್ದು ಬಿದ್ದರೆ ಬೇಡ ಎಂದ ಹಾಗೆ.

ಚಿಕ್ಕಪ್ಪ ನಡೆದುಕೊಳ್ಳುತ್ತಿದ್ದ ಗುಡಿ ಕುಣಿಗಲ್ ದಾಟಿ ಹುತ್ರಿದುರ್ಗದ ಕಡೆಗೆ ಹೋಗುವ ದಾರಿಯಲ್ಲಿತ್ತು. ಸೋಮವಾರ ಮೂವರೂ ಹೋದೆವು. ನಮಗಿಂತ ಮುಂಚೆ ಒಬ್ಬ ಕಂಟ್ರಾಕ್ಟರ್ ಕೂತಿದ್ದ. ಹೊಸ ಲಾರಿ ತೆಗೆದುಕೊಳ್ಳಬಹುದೇ ಎಂದು ಕೇಳಲು ಬಂದಿದ್ದ. ಗರ್ಭಗುಡಿಯ ಬಾಗಿಲಲ್ಲಿ, ವಿಗ್ರಹದ ಎಡಕ್ಕೆ, ಪೂಜಾರಿ ತನಗೆಂದು ಇಟ್ಟುಕೊಂಡಿದ್ದ ಟೇಬಲ್ ಫ್ಯಾನು ತಿರುಗುತ್ತಿತ್ತು. ಕಂಟ್ರಾಕ್ಟರ್‌ಗೆ ಎಡದ ಹೂವು ಬಿತ್ತು. ಅವನ ಮುಖ ಸಪ್ಪಗಾಯಿತು.

"ಇದು ಗಾಳಿಗೆ ಬಿದ್ದದ್ದು, ಇದನ್ನ ಹಿಡಿಯಂಗಿಲ್ಲ," ಎಂದ ಪೂಜಾರಿ ಫ್ಯಾನು ಆರಿಸಿ ಬೇರೆ ಹೂ ಅಂಟಿಸಿದ. ಈ ಸಲ ಬಲಗಡೆ ಬಿತ್ತು. ಕಂಟ್ರಾಕ್ಟರ್ ಅಡ್ಡಬಿದ್ದು ಹೊರಟ. ಪೂಜಾರಿ ಕತ್ತು ಒರೆಸಿಕೊಂಡು ಫ್ಯಾನು ಮತ್ತೆ ಹಾಕಿದ.

ನಮ್ಮ ಸರದಿ ಬಂತು. ಚಿಕ್ಕಪ್ಪ ನಾನು ಪೇಪರಿನವನೆಂದು ಪರಿಚಯ ಹೇಳಿ, ಆಪರೇಷನ್ ಮಾಡಿಸಬಹುದೇ ಎಂದು ಹೂ ಕೇಳಿಸಲು ಬಂದದ್ದನ್ನು ತಿಳಿಸಿದರು. "ನಿನ್ನ ಮನಸ್ನಲ್ಲಿ ಏನೈತವ್ವ?" ಎಂದು ಅವನು ಚಿಕ್ಕಮ್ಮನನ್ನು ಕೇಳಿದ.

"ಕೊಯ್ತಾರೆ ಅಂದ್ರೇ ಜೀವ ಹೋದಂಗಾಯ್ತದೆ ಸ್ವಾಮಿ."

ಅವನು ತಲೆಯಾಡಿಸಿ ಹೂವುಗಳನ್ನು ಅಂಟಿಸಿದ. ಫ್ಯಾನು ತಿರುಗುತ್ತಲೇ ಇತ್ತು. ಎಡದ ಹೂವು ಬಿತ್ತು.

ಕೋರ್ಟಿನಲ್ಲಿ ವಾಯಿದೆ ಸಿಕ್ಕವರ ಮುಖವನ್ನು ನಾನು ಎಷ್ಟೋ ಸಲ ನೋಡಿದ್ದೆ. ಚಿಕ್ಕಮ್ಮನ ಮುಖ ಆಗ ಹಾಗೆಯೇ ಇತ್ತು. ಅದುವರೆಗೆ ಅವಳದು ಹೆದರಿಕೆ. ಹೆದರಿಕೆಯನ್ನು ಬೈಯಬಹುದು, ರಮಿಸಬಹುದು, ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯಬಹುದು. ಆ ಹೂವು ಬಿದ್ದ ಮೇಲೆ ಅದೇ ಹೆದರಿಕೆ ದೇವರ ಮಾತಾಯಿತು. ಇನ್ನು ಅದನ್ನು ಮುಟ್ಟುವಂತಿರಲಿಲ್ಲ.

"ಫ್ಯಾನ್ ಆರಿಸಿ ಇನ್ನೊಂದು ಸಲ ಕೇಳಿ ಸ್ವಾಮಿ," ಎಂದೆ.

"ಎರಡೆರಡು ಸಲ ತಿದ್ದೋಕೆ ಇದೇನು ನಿಮ್ಮ ಪೇಪರ್ ಆಫೀಸಾ?" ಎಂದ. ಕೂತಿದ್ದವರು ನಕ್ಕರು. ಚಿಕ್ಕಪ್ಪ ನನ್ನ ರಟ್ಟೆ ಹಿಡಿದು ಈಚೆಗೆ ಎಳೆದುಕೊಂಡು ಬಂದರು.

ವಾಪಸ್ ಬಸ್ಸಿನಲ್ಲಿ ಚಿಕ್ಕಮ್ಮನ ಪಕ್ಕ ಕೂತು ಕೇಳಿದೆ: "ಆ ಲಾರಿಯವನಿಗೂ ಮೊದಲು ಎಡಗಡೆಯೇ ಬಿತ್ತಲ್ಲ, ನೀನೂ ನೋಡಿದೆ ತಾನೆ?"

"ನೋಡ್ದೆ ಕಣಪ್ಪ. ಅವನ್ದು ಗಾಳಿಗೆ ಬಿತ್ತು. ನಂದು ದೇವ್ರು ಬೀಳಿಸ್ದ."

ಅವಳು ದಡ್ಡಿಯಲ್ಲ. ಸಂತೆಯಲ್ಲಿ ಯಾರಿಂದಲೂ ಅವಳ ಕೈಗೆ ಬಾಡಿದ ಸೊಪ್ಪು ದಾಟಿಸಲಾಗುತ್ತಿರಲಿಲ್ಲ. ಅವಳೂ ನಾನು ಕಂಡದ್ದನ್ನೇ ಕಂಡಿದ್ದಳು. ಕಂಡದ್ದು ಬೇಕಿರಲಿಲ್ಲ, ಅಷ್ಟೆ. ಆಮೇಲೆ ನಾನು ನಿಟ್ಟೂರಿಗೆ ಹೋದಾಗಲೆಲ್ಲ ಆಪರೇಷನ್ನಿನ ಮಾತು ಎತ್ತುತ್ತಿದ್ದೆ. ಅವಳು ತಟ್ಟೆ ತಂದಿಟ್ಟು ಬೇರೆ ಮಾತು ತೆಗೆಯುತ್ತಿದ್ದಳು.

ಮರುವರ್ಷ ನೋವು ತಡೆಯಲಾರದೆ ಅವಳೇ ಆಸ್ಪತ್ರೆಗೆ ಬಂದಳು. ಅದೇ ಡಾಕ್ಟರು ನನ್ನನ್ನು ಆಚೆ ಕರೆದು, "ಅವತ್ತೇ ಹೇಳಿದ್ದೆನಲ್ಲ," ಎಂದರು. ಅವರಿಗೆ ಟೇಬಲ್ ಫ್ಯಾನಿನ ವಿಷಯ ಹೇಳುವುದೇ?

ವಾರ್ಡಿನಲ್ಲಿ ಮಲಗಿದ್ದ ಚಿಕ್ಕಮ್ಮ ಪೂಜಾರಿಯನ್ನು ಬೈಯಲಿಲ್ಲ. "ಹೂ ಕೇಳುವಾಗ ನನ್ನ ಮನಸ್ಸು ಶುದ್ಧವಾಗಿ ಇರ್ಲಿಲ್ಲ ಕಣಪ್ಪ," ಎಂದಳು. ನನಗೆ ಈಗಲೂ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸುವುದು ಈ ಮಾತು. ಸಾಯುತ್ತಿದ್ದವಳು ತನ್ನನ್ನೇ ತಪ್ಪಿತಸ್ಥೆ ಮಾಡಿಕೊಂಡಳು. ಅವನನ್ನು ಕೇಳುವವರೇ ಉಳಿಯಲಿಲ್ಲ.

ತಿಥಿಯ ದಿನ ಪೂಜಾರಿ ಬಂದ. ಅಂಗಳದಲ್ಲಿ ಅವನಿಗೆ ಕುರ್ಚಿ, ನಮಗೆಲ್ಲ ಜಮಖಾನ. ಚಿಕ್ಕಪ್ಪ ಅವನ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಕೇಳಿದರು: "ದೇವ್ರು ಬೇಡ ಅಂದಂಗೇ ನಡ್ಕಂಡ್ವಲ್ಲ ಸ್ವಾಮಿ. ಮತ್ಯಾಕೆ ಹಿಂಗಾಯ್ತು?"

ಅವನು ನನ್ನ ಕಡೆ ನೋಡಿ ನಿಧಾನವಾಗಿ ಹೇಳಿದ: "ಅವತ್ತು ಗುಡಿ ಒಳಗೆ ನಂಬಿಕೆ ಇಲ್ದೋರು ಒಬ್ರು ಇದ್ರು. ಅಂಥೋರು ಇದ್ದಾಗ ಹೂ ಸರಿಯಾಗಿ ಬೀಳಕಿಲ್ಲ."

ಜಮಖಾನದ ಮೇಲಿದ್ದವರೆಲ್ಲ ನನ್ನತ್ತ ತಿರುಗಿದರು. ನಾನು ಸುಮ್ಮನಿರಲಿಲ್ಲ. ಕಂಟ್ರಾಕ್ಟರ್ ವಿಷಯ, ಫ್ಯಾನು ಆರಿಸಿದ್ದು, ಮತ್ತೆ ಹಾಕಿದ್ದು, ಎಲ್ಲವನ್ನೂ ಅನುಕ್ರಮವಾಗಿ ಹೇಳಿದೆ. ನಾನು ಹೇಳುತ್ತಿರುವಾಗ ಚಿಕ್ಕಪ್ಪನ ಮುಖದಲ್ಲಿ ವರ್ಷದಿಂದ ಇಲ್ಲದ ಒಂದು ಹಗುರ ಭಾವ ಕಂಡಿತು. ಹೆಂಡತಿಯನ್ನು ಆಸ್ಪತ್ರೆಯ ಬಾಗಿಲಿಂದ ಹಿಂದಕ್ಕೆ ಕರೆತಂದವನು ಇನ್ನು ತಾನಲ್ಲ. ಆ ಹೊರೆಯನ್ನು ನನ್ನ ಮೇಲೆ ಇಳಿಸಲು ಪೂಜಾರಿ ದಾರಿ ತೋರಿಸಿದ್ದ. ನನ್ನ ಮಾತು ನಿಜವೆಂದು ಒಪ್ಪಿದರೆ ಅದು ಮತ್ತೆ ಅವರ ಹೆಗಲಿಗೇ ಬರುತ್ತಿತ್ತು.

ಪೂಜಾರಿ ಅದನ್ನು ನಂಬಿಯೇ ಹೇಳಿದನೇ ಎಂದು ಕೆಲವರು ಕೇಳುತ್ತಾರೆ. ನನಗೆ ಗೊತ್ತಿಲ್ಲ. ಅವನ ಮನಸ್ಸಿನೊಳಗೆ ಏನಿತ್ತೆಂದು ಬರೆಯಲು ನನ್ನ ಬಳಿ ಸಾಕ್ಷಿಯಿಲ್ಲ. ಲಾರಿಗಾಗಿ ಫ್ಯಾನು ಆರಿಸಿದ, ಜೀವಕ್ಕಾಗಿ ಆರಿಸಲಿಲ್ಲ. ಇದಕ್ಕೆ ನಾನು ಸಾಕ್ಷಿ.

"ಆಯ್ತು ಬುಡು ಮಗ, ಊಟಕ್ಕೆ ಕೂತ್ಕೊ," ಎಂದರು ಚಿಕ್ಕಪ್ಪ. ದನಿಯಲ್ಲಿ ಕೋಪವಿರಲಿಲ್ಲ, ಕ್ಷಮೆಯಿತ್ತು. ಅವರು ನನ್ನನ್ನು ಕ್ಷಮಿಸಿಬಿಟ್ಟಿದ್ದರು. ಮೊದಲ ಎಲೆಯನ್ನು ಪೂಜಾರಿಯ ಮುಂದೆ ಹಾಕಿದರು. ನಾನು ಚಪ್ಪಲಿ ಮೆಟ್ಟಿಕೊಂಡು ತುಮಕೂರಿನ ಬಸ್ಸಿಗೆ ಹೊರಟೆ.