ನಿದ್ದೆಗಾಗಿ ಪಕ್ಕದ ತಾಲ್ಲೂಕಿಗೆ

ಕಳೆದ ವರ್ಷ ನನ್ನ ನಿದ್ದೆ ಹಾರಿಹೋಯಿತು. ಶಿರಾಳಕೊಪ್ಪದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವನು ನಾನು. ನನ್ನ ಪಾಠಕ್ಕೆ ಇಡೀ ತರಗತಿ ತೂಕಡಿಸುತ್ತದೆ, ನನಗೆ ಮಾತ್ರ ಆ ಭಾಗ್ಯವಿಲ್ಲ. ಸುದ್ದಿ ಸ್ಟಾಫ್ ರೂಮಿಗೆ ತಿಳಿದದ್ದೇ ತಡ, ನಮ್ಮಲ್ಲಿ ಇಷ್ಟು ಜನ ವೈದ್ಯರಿದ್ದಾರೆಂದು ಗೊತ್ತಾಯಿತು. ಹಿಂದಿ ಮೇಷ್ಟ್ರು ಹಾಲಿಗೆ ಜಾಯಿಕಾಯಿ ತೇಯ್ದು ಕುಡಿಯಿರಿ ಎಂದರು. ಡ್ರಿಲ್ ಮೇಷ್ಟ್ರು ಕುರ್ಚಿಯಲ್ಲಿ ಒರಗಿಕೊಂಡೇ, "ಮೈ ಬಗ್ಗಿಸಿ ದುಡೀರಿ, ನಿದ್ದೆ ತಾನಾಗೇ ಬರ್ತೈತಿ" ಎಂದು ಉಪದೇಶಿಸಿದರು. ಮನಸ್ಸು ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ ಬಿಡಿ.

ಮನೆಯಲ್ಲಿ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು. ಮಗ್ಗುಲಾದಳೆಂದರೆ ಬೆಳಗಿನವರೆಗೆ ಅಲ್ಲಾಡುತ್ತಿರಲಿಲ್ಲ. ಚಿಂತೆ ಇಲ್ಲದವರಿಗೆ ಸಂತೆಯಲ್ಲೂ ನಿದ್ದೆ ಎಂದು ದಿನಾ ಕಾಫಿ ಕುಡಿಯುತ್ತಾ ಚುಚ್ಚುತ್ತಿದ್ದೆ. ಅವಳು ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸುತ್ತಿದ್ದಳು.

ಬೋರ್ಡಿನ ಮೇಲೆ ಒಂದೇ ಪ್ರಶ್ನೆಯನ್ನು ಮೂರು ಸಲ ಬರೆದ ದಿನ ನಿಜಕ್ಕೂ ಹೆದರಿದೆ. ಮನೋವೈದ್ಯರನ್ನು ಕಾಣಲೇಬೇಕು. ಆದರೆ ನಮ್ಮ ತಾಲ್ಲೂಕು ಕೇಂದ್ರ ಶಿಕಾರಿಪುರದಲ್ಲಿ ಕಂಡರೆ, ಗುಳಿಗೆ ಕೈಗೆ ಸಿಗುವ ಮೊದಲೇ 'ಮೇಷ್ಟ್ರಿಗೆ ತಲೆ ಕೆಟ್ಟೈತಂತೆ' ಎಂದು ಊರು ತೀರ್ಪು ಕೊಟ್ಟಿರುತ್ತದೆ. ಆದ್ದರಿಂದ ನಮ್ಮ ಕಡೆಯ ಮರ್ಯಾದಸ್ಥರು ಮಾಡುವುದನ್ನೇ ಮಾಡಿದೆ. ಪಕ್ಕದ ತಾಲ್ಲೂಕು ಹಿಡಿದೆ. ಸೊರಬಕ್ಕೆ ವೈದ್ಯರೊಬ್ಬರು ಮಂಗಳವಾರ ಬರುತ್ತಿದ್ದರು. ಹೆಂಡತಿಯ ತವರು ಕುಪ್ಪಗಡ್ಡೆಯ ಗದ್ದೆಯ ಪಹಣಿ ತಿದ್ದಿಸಬೇಕೆಂದು ಹೆಡ್‌ಮೇಷ್ಟ್ರಿಗೆ ಹೇಳಿ ರಜೆ ಹಾಕಿದೆ. ಪಹಣಿ ಎಂದರೆ ಎಷ್ಟು ಸಲ ಓಡಾಡಿದರೂ ಯಾರೂ ಅನುಮಾನಿಸುವುದಿಲ್ಲ. ಮನೆಯಲ್ಲಿ ಅದನ್ನೂ ಹೇಳದೆ, ಎಂದಿನಂತೆ ಊಟದ ಡಬ್ಬಿ ಹಿಡಿದು ಹೊರಟೆ. ಗುರುತಿನವರಿಲ್ಲದ ಬಸ್ಸು ಸಿಗಲೆಂದು ಎರಡು ಬಸ್ಸು ಬಿಟ್ಟು ಮೂರನೆಯದನ್ನು ಹತ್ತಿದೆ.

ಸೊರಬದಲ್ಲಿ ವೈದ್ಯರ ಕೋಣೆಯ ಹೊರಗಿದ್ದ ಬೆಂಚಿನ ಒಂದು ತುದಿಯಲ್ಲಿ ತಲೆತುಂಬ ಸೆರಗು ಎಳೆದುಕೊಂಡ ಹೆಂಗಸೊಬ್ಬಳಿದ್ದಳು. ಇನ್ನೊಂದು ತುದಿಯಲ್ಲಿ ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತೆ. ಕಂಪೌಂಡರ್ ಹೆಸರು ಕೂಗಿದ. ನನ್ನ ಹೆಂಡತಿಯ ಹೆಸರು!

ಎದ್ದು ನಿಂತವಳು ನನ್ನನ್ನು ನೋಡಿ, "ಶಾಲೆ ಇಲ್ವನ್ರೀ ಇವತ್ತು?" ಎಂದಳು.

"ನಿಂಗೇನು ಕೆಲಸ ಇಲ್ಲಿ? ನಿಂಗೆ ನಿದ್ದೆ ಬರ್ತೈತಲ್ಲ" ಎಂದೆ, ಹೋಂವರ್ಕ್ ಮಾಡದವರನ್ನು ಗದರಿಸುವ ದನಿಯಲ್ಲಿ.

"ಅಲ್ಲಾಡ್ದೆ ಮಲಗಿದ್ರೆ ನಿದ್ದೆ ಅಂತ ನೀವೇ ತಿಳ್ಕಂಡ್ರಿ. ನಿಮ್ಮ ನಿದ್ದೆಗೆ ತೊಂದ್ರೆ ಆಗ್ಬಾರ್ದು ಅಂತ ಹಂಗೆ ಮಲಗ್ತಿದ್ದೆ."

ಒಳಗೆ ಒಟ್ಟಿಗೇ ಹೋದೆವು. ಸಂಜೆ ಮೇಲೆ ಚಹಾ ಬೇಡ, ಮಧ್ಯಾಹ್ನ ಮಲಗಬೇಡಿ, ದಿನಾ ಒಂದೇ ಹೊತ್ತಿಗೆ ಏಳಿ, ಒಬ್ಬರಿಗೊಬ್ಬರು ಮಾತಾಡಿ ಎಂದರು ವೈದ್ಯರು. ಆಮೇಲೆ ಪೆನ್ನು ತೆಗೆದು, ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ದೊಡ್ಡ ಸಾಧನೆಯೆಂಬಂತೆ ನಾನೇ ಮೊದಲು, "ಎಂಟು ತಿಂಗಳು" ಎಂದೆ.

"ನಂಗೆ ಎರಡು ವರ್ಷ" ಎಂದಳು ಹೆಂಡತಿ.

ಎರಡು ವರ್ಷದಲ್ಲಿ ನನ್ನ ಎಂಟು ತಿಂಗಳು ಕಳೆದೆ, ಹದಿನಾರು ಉಳಿಯಿತು. ನಾನು ಹಾಯಾಗಿ ಗೊರಕೆ ಹೊಡೆಯುತ್ತಿದ್ದ ಅಷ್ಟೂ ಕಾಲ ಅವಳು ನನ್ನ ಪಕ್ಕದಲ್ಲೇ ಒಬ್ಬಳೇ ಎಚ್ಚರವಿದ್ದಳು.