ಹರಿದ ಚಿತ್ರಗಳನ್ನು ಸಾಕುವ ವಾಪಸ್ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಆರುತ್ತಿರುವ ಚಹಾ. ತೆರೆಯ ಮೇಲೊಂದು ನಾಯಿಯ ಚಿತ್ರ: ಮೂತಿಯಿದೆ, ಮುಂಗಾಲಿದೆ, ಉಳಿದರ್ಧ ಬರೀ ಬೂದು. ಮುಂದಿನದು ಮದುವೆ ಫೋಟೊ, ಗಂಡಿದ್ದಾನೆ, ಹೆಣ್ಣಿಲ್ಲ. ನೋಡುತ್ತ ಕುಳಿತ ಹೆಂಗಸಿನ ಮುಖದಲ್ಲಿ ನಿಧಿ ಸಿಕ್ಕಷ್ಟು ಸಂತೋಷ. "ಚೆನ್ನಾಗಿರೋ ಫೋಟೊ ಯಾರಿಗೆ ಬೇಕು? ಅದು ಯಾರಿಗೂ ತೊಂದ್ರೆ ಕೊಡಲ್ಲ," ಎನ್ನುತ್ತಾರೆ. ಕೆಟ್ಟ ಚಿತ್ರಗಳನ್ನು ಲೋಕದ ಮೂಲೆಮೂಲೆಯಿಂದ ಬೇಡಿ ತರಿಸಿಕೊಳ್ಳುವ ಇವರನ್ನು ಜೊತೆಗಾರರು ಕರೆಯುವುದು 'ವಾಪಸ್ ಅಕ್ಕ' ಎಂದು.

ನಾವು ಫೋನಿನಿಂದ ಕಳಿಸುವ ಫೋಟೊ ಕುಗ್ಗಿ ಹಗುರಾಗಿ ಹೋಗುತ್ತದಲ್ಲ, ಆ ಕುಗ್ಗಿಸುವ ತಂತ್ರಾಂಶವೊಂದನ್ನು ಹತ್ತಾರು ಮಂದಿ ಸಂಬಳವಿಲ್ಲದೆ ನೋಡಿಕೊಳ್ಳುತ್ತಾರೆ. ಅದರಲ್ಲಿ ಯಾರಿಗೂ ಬೇಡವಾದ ಮೂಲೆ ಅಕ್ಕನ ಪಾಲಿಗೆ ಬಂದಿದೆ. ಚಿತ್ರ ಕುಗ್ಗಿಸಲು ಯಂತ್ರದಿಂದ ಒಂದಿಷ್ಟು ಮೆಮೊರಿ ಕಡ ತರಬೇಕು, ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕು. ಅಷ್ಟೇ. "ಒಂದು ಚಿತ್ರಕ್ಕೆ ಅಂತ ತಂದಿದ್ದೆಲ್ಲ ಒಂದೇ ಗಂಟಲ್ಲಿರ್ಬೇಕು. ಚಿತ್ರ ಮುಗೀತಾ, ಗಂಟು ಪೂರ್ತಿ ವಾಪಸ್. ಇದ್ರಲ್ಲಿ ಜಾಣತನ ತೋರಿಸೋಕೆ ಹೋಗ್ಬಾರ್ದು." ಅತ್ತೆಗಂತೂ ಇದು ದಿನದ ತಮಾಷೆ: "ಪಕ್ಕದ ಮನೆ ಪಾತ್ರೆ ವಾಪಸ್ ಕೊಡೋಕೂ ಕಂಪ್ಯೂಟರ್ ಕಲೀಬೇಕಾಯ್ತೇನೇ?"

ಆದರೆ ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಯಂತ್ರಗಳಿಗೂ ಸಲ್ಲುತ್ತದೆ. ಇದು ಅಕ್ಕನಿಗೆ ತಿಳಿದದ್ದು ಹಿಂದೆ ಕೆಲಸಕ್ಕಿದ್ದ ಫೋಟೊ ಸ್ಟುಡಿಯೊದ ಕೌಂಟರಿನಲ್ಲಿ. ಅಲ್ಲಿನ ಕಂಪ್ಯೂಟರ್ ಸಂಜೆಯಾದರೆ ಮುಷ್ಕರ ಹೂಡುತ್ತಿತ್ತು, ಗಿರಾಕಿಗಳ ಬೈಗುಳ ಇವರಿಗೆ. "ಬೆಳಿಗ್ಗೆ ಗಟ್ಟಿಯಾಗಿರೋದು ಸಂಜೆ ಯಾಕೆ ಸುಸ್ತಾಗುತ್ತೆ? ಅದೇನು ಮನುಷ್ಯನಾ?" ಕಡ ತಂದ ಮೆಮೊರಿ ವಾಪಸ್ ಹೋಗದೆ ಉಳಿದದ್ದೇ ಕಾರಣ. ಆ ಪ್ರಶ್ನೆಯ ಬೆನ್ನು ಹತ್ತಿಯೇ ಇಷ್ಟೆಲ್ಲ ಕಲಿತರು. ಈಗ ಹಗಲೆಲ್ಲ ಗೋದಾಮಿನ ಕಚೇರಿಯಲ್ಲಿ ದುಡಿಮೆ. ಮನೆ ಏಳುವ ಮುಂಚಿನ ಎರಡು ಗಂಟೆ ಇದಕ್ಕೆ. ಬಲಗೈ ಮಣಿಕಟ್ಟಿನ ನೋವಿಗೆ ಪಟ್ಟಿ ಬಿದ್ದಿದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಮೊಮ್ಮಗನ ಫೋಟೊ ಕಳಿಸುವಾಗ, ಅದು ಈ ಪಟ್ಟಿ ಕಟ್ಟಿದ ಕೈಯ ಕೆಲಸದಿಂದಲೇ ಸಾಗುತ್ತಿರಬಹುದು. ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ಹೋದ ತಿಂಗಳು ಸಣ್ಣ ಹೆರಿಗೆ ಆಸ್ಪತ್ರೆಯೊಂದರ ನರ್ಸ್ ಹೇಗೋ ವಿಳಾಸ ಹುಡುಕಿ ಬರೆದರು: ಇದೇ ತಂತ್ರಾಂಶವಿರುವ ಸ್ಕ್ಯಾನಿಂಗ್ ಯಂತ್ರ ದಿನಾ ಮಧ್ಯಾಹ್ನದ ಹೊತ್ತಿಗೆ ನಿಂತುಹೋಗುತ್ತದೆ. 'ಆಫ್ ಮಾಡಿ ಆನ್ ಮಾಡಲಿ' ಎಂದು ಗುಂಪಿನ ಹಿರಿಯರು ಕೈತೊಳೆದುಕೊಂಡರು. ಅಕ್ಕ ಕೆಂಡವಾದರು. "ಮಂಚದ ಮೇಲೆ ಬಸುರಿ ಮಲಗಿರ್ತಾಳೆ. ಮಗು ಎದೆ ಮಿಡಿಯೋದು ಕಾಣ್ತಿರುವಾಗಲೇ ತೆರೆ ಕಪ್ಪಾದ್ರೆ ಆ ತಾಯಿ ಏನಂದ್ಕೋಬೇಕು, ಹೇಳಿ?"

ಮೂರು ವಾರ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕಿದರು. ಕೊನೆಗೆ ದೋಷ ಸಿಕ್ಕಿದ್ದು ತಮ್ಮ ಹರಿದ ಚಿತ್ರಗಳನ್ನೇ ಒಂದೊಂದಾಗಿ ಕುಗ್ಗಿಸಿ ನೋಡಿದಾಗ. ಯಂತ್ರದ ಕೇಬಲ್ ಸಡಿಲವಾಗಿ ಆಗಾಗ ಅರ್ಧ ಚಿತ್ರ ಬರುತ್ತಿತ್ತು. ತಂತ್ರಾಂಶ ಬರೆದ ಯಾರೋ ಜಾಣರು ವೇಗದ ಆಸೆಗೆ ಒಂದು ತುಣುಕು ಮೆಮೊರಿಯನ್ನು ಗಂಟಿನಾಚೆ ತಂದಿಟ್ಟಿದ್ದರು. ಚಿತ್ರ ಪೂರ್ತಿ ಬಂದರೆ ಅದು ಹಿಂದಕ್ಕೆ ಹೋಗುತ್ತಿತ್ತು, ಅರ್ಧಕ್ಕೆ ನಿಂತರೆ ಅಲ್ಲೇ ಉಳಿಯುತ್ತಿತ್ತು. ಹನಿ ಹನಿ ಕೂಡಿದರೆ ಹಳ್ಳ. ಮಧ್ಯಾಹ್ನಕ್ಕೆ ಯಂತ್ರದ ಉಸಿರು ಕಟ್ಟುತ್ತಿತ್ತು. ಅಕ್ಕ ಆ ತುಣುಕನ್ನೂ ಗಂಟಿಗೆ ಸೇರಿಸಿದರು.

ಸರಿಪಡಿಸಿದ್ದು ನಿನ್ನೆ ಆ ಯಂತ್ರಕ್ಕೆ ಸೇರಿದೆ. ಮತ್ತೆ ನಿಂತರೆ ಕೂಡಲೇ ಫೋನ್ ಮಾಡುತ್ತೇನೆಂದು ನರ್ಸ್ ಹೇಳಿದ್ದಾರೆ. ಅಕ್ಕ ಇವತ್ತು ರಜೆ ಹಾಕಿದ್ದಾರೆ. ಮಧ್ಯಾಹ್ನ ಕಳೆಯುತ್ತದೆ. ಬಟ್ಟೆ ಮಡಚುತ್ತಾರೆ, ಮಡಚಿದ್ದನ್ನೇ ಮತ್ತೆ ಮಡಚುತ್ತಾರೆ. "ಅದೇನು ಸೊಸೆ, ನೀನೇ ಹೆರೋ ಹಾಗೆ ಓಡಾಡ್ತೀಯಲ್ಲ!" ಎಂದು ಅತ್ತೆ ಛೇಡಿಸುತ್ತಾರೆ. ಸಂಜೆಗೆ ತಡೆಯಲಾರದೆ ತಾವೇ ಫೋನ್ ಹಚ್ಚುತ್ತಾರೆ.

"ಯಾರು?" ಅತ್ತ ಕಡೆ ಗಡಿಬಿಡಿ, ಎಲ್ಲೋ ಕೂಸಿನ ಅಳು. "ಅಯ್ಯೋ, ಅಕ್ಕಾ! ಬೆಳಿಗ್ಗೆಯಿಂದ ಸ್ಕ್ಯಾನಿಂಗ್‌ಗೆ ಒಬ್ರ ಹಿಂದೆ ಒಬ್ರು. ಯಂತ್ರದ ವಿಷ್ಯ ನೆನಪೇ ಆಗ್ಲಿಲ್ಲ ನೋಡಿ. ಬೇಜಾರು ಮಾಡ್ಕೋಬೇಡಿ!"

ಅಕ್ಕ ಫೋನ್ ಕೆಳಗಿಡುತ್ತಾರೆ. ಕಣ್ಣು ಒದ್ದೆಯಾಗಿದೆ. ಗಾಬರಿಯಿಂದ ಹತ್ತಿರ ಬಂದ ಅತ್ತೆಯ ಎರಡೂ ಕೈ ಹಿಡಿದುಕೊಂಡು, ಊರಿಗೆಲ್ಲ ಕೇಳುವಷ್ಟು ಜೋರಾಗಿ ಹೇಳುತ್ತಾರೆ:

"ಮರೆತೇಬಿಟ್ಟಿದ್ರಂತೆ ಅತ್ತೆ!"